ಹೊಲದ ಮೇಲೆ ಹೈಟೆನ್ಷನ್ ಲೈನ್: ಗೂಟ ಬಿದ್ದ ದಿನದಿಂದ ಪರಿಹಾರ ಕೈಸೇರುವವರೆಗೆ

ಸಾಮಾನ್ಯವಾಗಿ ಮೊದಲು ಬರುವುದು ನೋಟಿಸಲ್ಲ, ಗೂಟ. ಒಂದು ಬೆಳಿಗ್ಗೆ ಬದುವಿನ ಪಕ್ಕ ಸುಣ್ಣ ಬಳಿದ ಕಲ್ಲೋ ಕೆಂಪು ಬಣ್ಣ ಹಚ್ಚಿದ ಗೂಟವೋ ಕಾಣಿಸುತ್ತದೆ. ಅದರ ಮೇಲೆ ‘ಎಪಿ 14’ ಎಂದೋ ‘14/2’ ಎಂದೋ ಬರೆದಿರುತ್ತದೆ. ವಿಚಾರಿಸಿದರೆ ‘ಲೈನ್ ಸರ್ವೆ’ ಎನ್ನುತ್ತಾರೆ. ಅಷ್ಟರಲ್ಲಿ ಊರಿನಲ್ಲಿ ಎರಡು ಮಾತು ಓಡಾಡಲು ಶುರುವಾಗಿರುತ್ತವೆ. ‘ನಮ್ಮ ಒಪ್ಪಿಗೆ ಇಲ್ಲದೆ ಯಾರೂ ಹೊಲಕ್ಕೆ ಕಾಲಿಡುವಂತಿಲ್ಲ’ ಎಂಬುದೊಂದು, ‘ಸರ್ಕಾರದ ಕೆಲಸ, ಏನೂ ಮಾಡೋಕಾಗಲ್ಲ’ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯ. ನಿಮ್ಮ ಹೊಲದ ಮಟ್ಟಿಗೆ ಯಾವುದು ನಿಜ ಎಂಬುದು, ಬಂದವರು ಯಾವ ಕಾನೂನಿನ ಬಲದ ಮೇಲೆ ಬಂದಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಆದ್ದರಿಂದ ‘ಎಷ್ಟು ಕೊಡ್ತೀರಿ’ ಎನ್ನುವ ಮೊದಲು ಕೇಳಬೇಕಾದ್ದು ‘ಯಾವ ಆದೇಶ ಹಿಡಿದು ಬಂದಿದ್ದೀರಿ’ ಎಂದು.

ಬಂದವರಿಗೆ ಅಧಿಕಾರ ಎಲ್ಲಿಂದ?

ದೊಡ್ಡ ಟವರ್ ಲೈನ್‌ಗಳಿಗೆ, ಅಂದರೆ ರಾಜ್ಯದ ಪ್ರಸರಣ ನಿಗಮ ಕೆಪಿಟಿಸಿಎಲ್, ಕೇಂದ್ರದ ಪವರ್‌ಗ್ರಿಡ್ ಅಥವಾ ಪ್ರಸರಣ ಪರವಾನಗಿ ಪಡೆದ ಖಾಸಗಿ ಕಂಪನಿಗಳ 66 ಕೆವಿ (ಕಿಲೋವೋಲ್ಟ್), 110, 220, 400 ಕೆವಿ ಲೈನ್‌ಗಳಿಗೆ, 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ ಮುಖ್ಯ. ಈ ಕಲಂ ಪ್ರಕಾರ ಸರ್ಕಾರ ಲಿಖಿತ ಆದೇಶ ಹೊರಡಿಸಿ, 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ತಂತಿ ಇಲಾಖೆಗಿದ್ದ ಅಧಿಕಾರವನ್ನು ಕಂಪನಿಗೆ ಕೊಡಬಹುದು. ಹಾಗೆ ಕೊಟ್ಟಿದ್ದರೆ ಮಾಲೀಕರ ಪೂರ್ವಾನುಮತಿ ಬೇಕಿಲ್ಲ. ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. 2023ರ ದೂರಸಂಪರ್ಕ ಕಾಯ್ದೆ ಹಳೆಯ ಟೆಲಿಗ್ರಾಫ್ ಕಾಯ್ದೆಯನ್ನು ರದ್ದು ಮಾಡಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ವಾದ ನಿಲ್ಲುವುದಿಲ್ಲ. ವಿದ್ಯುತ್ ಮಾರ್ಗಗಳ ಮಟ್ಟಿಗೆ ಹಳೆಯ ಕಾಯ್ದೆಯ ‘ಪಾರ್ಟ್ 3’ ಎಂಬ ಭಾಗವನ್ನು ಹೊಸ ಕಾಯ್ದೆಯೇ ಉಳಿಸಿಕೊಂಡಿದೆ.

164ರ ಆದೇಶ ಇಲ್ಲದಿದ್ದರೆ ಚಿತ್ರವೇ ಬೇರೆ. ಆಗ ಅನ್ವಯಿಸುವುದು 2006ರ ವರ್ಕ್ಸ್ ಆಫ್ ಲೈಸೆನ್ಸೀಸ್ (ಪರವಾನಗಿದಾರರ ಕಾಮಗಾರಿ) ನಿಯಮಗಳು. ಅವುಗಳ 3ನೇ ನಿಯಮದಂತೆ ಕಂಪನಿ ಮೊದಲು ಮಾಲೀಕರ ಅಥವಾ ಅನುಭೋಗದಾರರ ಒಪ್ಪಿಗೆ ಪಡೆಯಬೇಕು. ಅವರು ಒಪ್ಪದಿದ್ದರೆ ಜಿಲ್ಲಾ ದಂಡಾಧಿಕಾರಿ, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿ, ಲಿಖಿತ ಅನುಮತಿ ಕೊಡಬೇಕು. ಅನುಮತಿ ಕೊಡುವಾಗಲೇ ಮಾಲೀಕರ ಮಾತು ಕೇಳಿ ಪರಿಹಾರವನ್ನೋ ವಾರ್ಷಿಕ ಬಾಡಿಗೆಯನ್ನೋ ಎರಡನ್ನೂ ಸೇರಿಸಿಯೋ ನಿಗದಿಪಡಿಸಬೇಕು. ಆ ಆದೇಶ ಸರಿಯಿಲ್ಲ ಎನಿಸಿದರೆ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಪರಿಷ್ಕರಣೆ ಕೇಳಬಹುದು. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂನಂಥ ಕಂಪನಿಗಳ 11 ಕೆವಿ ಕಂಬಗಳ ವಿಷಯದಲ್ಲಿ ಈ ನಿಯಮ ಬಳಕೆಗೆ ಬರುವುದು ಅಪರೂಪ. ಮಾಲೀಕರಿಗೆ ಗೊತ್ತಿರುವುದಿಲ್ಲ, ಲೈನ್‌ಮನ್ ಹೇಳುವುದಿಲ್ಲ.

ಗದಗ, ಕೊಪ್ಪಳ, ಚಿತ್ರದುರ್ಗದ ಕಡೆ ಪವನ ಮತ್ತು ಸೌರ ವಿದ್ಯುತ್ ಕಂಪನಿಗಳು ತಮ್ಮ ಘಟಕದಿಂದ ಸಬ್‌ಸ್ಟೇಷನ್‌ವರೆಗೆ ಎಳೆಯುವ ಲೈನ್‌ಗಳಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಕಂಪನಿಯ ಕೈಯಲ್ಲಿ 164ರ ಆದೇಶ ಇಲ್ಲದಿದ್ದರೆ ಅದು ನಿಮ್ಮೊಂದಿಗೆ ಕುಳಿತು ಮಾತಾಡಲೇಬೇಕು. ದರವೂ ಮಾತುಕತೆಯದ್ದೇ. ಅವರ ಏಜೆಂಟ್ ‘ಇದು ಸರ್ಕಾರಿ ಲೈನ್’ ಎಂದರೆ ಆದೇಶದ ಸಂಖ್ಯೆ, ದಿನಾಂಕ ಕೇಳಿ. ಇದ್ದವರು ಐದು ನಿಮಿಷದಲ್ಲಿ ತೋರಿಸುತ್ತಾರೆ.

ಸರ್ವೆಯವರು ಬಂದ ದಿನ

ತಡೆದು ಜಗಳಕ್ಕೆ ನಿಲ್ಲುವುದರಿಂದ ಲಾಭವಿಲ್ಲ. ಮಾಹಿತಿ ಪಡೆಯುವುದರಲ್ಲಿ ಲಾಭವಿದೆ. ಯೋಜನೆಯ ಪೂರ್ಣ ಹೆಸರು, ಎಷ್ಟು ಕೆವಿ, ಮೂಲ ಕಂಪನಿ ಯಾವುದು, ಗುತ್ತಿಗೆದಾರ ಯಾರು, ಹೊಣೆ ಹೊತ್ತ ಇಂಜಿನಿಯರ್‌ರ ಹೆಸರು ಮತ್ತು ಕಚೇರಿ, ಇಷ್ಟನ್ನು ಬರೆದುಕೊಳ್ಳಿ. ಗೂಟದ ಮೇಲಿನ ಸಂಖ್ಯೆ ಓದುವಂತೆ ಒಂದು ಫೋಟೋ, ಸುತ್ತಲಿನ ಮರ, ಬಾವಿ, ಮನೆ ಕಾಣುವಂತೆ ಇನ್ನೊಂದು ಫೋಟೋ ತೆಗೆಯಿರಿ. ಫೋನಿನಲ್ಲಿ ಸ್ಥಳ ಮತ್ತು ದಿನಾಂಕ ದಾಖಲಾಗುವ ಸೆಟ್ಟಿಂಗ್ ಆನ್ ಇರಲಿ. ಮುಂದೆ ಕೋರ್ಟಿನಲ್ಲಿ ‘ಲೈನ್ ಬರುವ ಮುಂಚೆ ಅಲ್ಲಿ ಏನಿತ್ತು’ ಎಂಬ ಪ್ರಶ್ನೆ ಬಂದಾಗ ಈ ಫೋಟೋಗಳೇ ಸಾಕ್ಷಿ.

ಸಹಿ ಹಾಕುವ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ‘ಹಾಜರಾತಿಗೆ ಒಂದು ಸಹಿ’, ‘ಸಾಹೇಬರು ಬಂದಿದ್ದರು ಅನ್ನೋದಕ್ಕೆ ಒಂದು ಸಹಿ’ ಎಂದು ಕೇಳುವ ಹಾಳೆಯ ಮೇಲ್ಭಾಗ ಖಾಲಿ ಇದ್ದರೆ ಹಾಕಬೇಡಿ. ಅದು ಆಮೇಲೆ ಒಪ್ಪಿಗೆ ಪತ್ರವಾಗಿ ಕಡತದಲ್ಲಿ ಕುಳಿತಿರುತ್ತದೆ. ಆಧಾರ್, ಪಾಸ್‌ಬುಕ್ ಪ್ರತಿ ಕೊಡಬೇಕಾಗಿ ಬಂದರೆ ಪ್ರತಿಯ ಮೇಲೆಯೇ ಅಡ್ಡಲಾಗಿ ‘ಇಂಥ ಲೈನಿನ ಪರಿಹಾರ ಪಾವತಿಗಾಗಿ ಮಾತ್ರ’ ಎಂದು ಬರೆದು ದಿನಾಂಕ ಹಾಕಿ.

ನಿಮ್ಮ ಕಾಗದಪತ್ರ ಮೊದಲು ಸರಿಮಾಡಿಕೊಳ್ಳಿ

ಪರಿಹಾರ ವರ್ಷಗಟ್ಟಲೆ ನಿಲ್ಲುವುದು ಹೆಚ್ಚಾಗಿ ಕಂಪನಿಯಿಂದಲ್ಲ, ಪಹಣಿಯಿಂದ. ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿರುತ್ತಾರೆ, ಪಹಣಿ ಮಾತ್ರ ಜಂಟಿ. ಟವರ್ ಬಿದ್ದದ್ದು ತಮ್ಮನ ಪಾಲಿನಲ್ಲಿ, ಹಣಕ್ಕೆ ಸಹಿ ಬೇಕಾದದ್ದು ಐದು ಜನರದ್ದು. ಪಾಲುದಾರರಲ್ಲಿ ಒಬ್ಬರು ಒಪ್ಪದಿದ್ದರೂ ಕಂಪನಿ ಹಣವನ್ನು ಜಿಲ್ಲಾ ನ್ಯಾಯಾಲಯದಲ್ಲಿ ಠೇವಣಿ ಇಟ್ಟು ಕೈತೊಳೆದುಕೊಳ್ಳಬಹುದು. ಟೆಲಿಗ್ರಾಫ್ ಕಾಯ್ದೆಯ 16(4)ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಯಾರಿಗೆ ಎಷ್ಟು ಪಾಲು ಎಂಬುದನ್ನು ಆಮೇಲೆ ನ್ಯಾಯಾಧೀಶರೇ ತೀರ್ಮಾನಿಸುತ್ತಾರೆ.

ಗೂಟ ಬಿದ್ದ ವಾರದಲ್ಲೇ ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಅರ್ಜಿ ಹಾಕಿ. ಜಂಟಿ ಪಹಣಿಯಾಗಿದ್ದರೆ ಪೋಡಿಗೆ, ಅಂದರೆ ಪಾಲುಗಳನ್ನು ಅಳೆದು ಬೇರೆ ಮಾಡಿಸುವುದಕ್ಕೆ, ಅರ್ಜಿ ಕೊಡಿ. ಅದು ತಡವಾಗುವಂತಿದ್ದರೆ, ಟವರ್ ಜಾಗ ಯಾರ ಅನುಭವದಲ್ಲಿದೆ ಎಂದು ಎಲ್ಲ ಪಾಲುದಾರರೂ ಬರೆದುಕೊಡುವ ಒಪ್ಪಿಗೆ ಪತ್ರ ಮಾಡಿಸಿಡಿ. ಗಡಿ ಗೊಂದಲವಿದ್ದರೆ ಹದ್ದುಬಸ್ತು ಅಳತೆ ಮಾಡಿಸಿ. ನಾಲ್ಕು ಕಾಲುಗಳಲ್ಲಿ ಎರಡು ನಿಮ್ಮ ಸರ್ವೆ ನಂಬರಿನಲ್ಲಿ, ಇನ್ನೆರಡು ಪಕ್ಕದವರ ನಂಬರಿನಲ್ಲಿ ನಿಂತ ಟವರ್‌ಗಳು ಕಡಿಮೆಯೇನಲ್ಲ. ಬೆಳೆ ಕಲಂನಲ್ಲಿ ಅಡಿಕೆ ತೋಟಕ್ಕೆ ಇನ್ನೂ ‘ರಾಗಿ’ ಎಂದೇ ಇದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ಹೇಳಿ ಬೆಳೆ ದಾಖಲೆ ಸರಿಪಡಿಸಿಕೊಳ್ಳಿ.

ಜಾಗ ಬದಲಿಸಿ ಎಂದು ಕೇಳುವುದಾದರೆ

ಟವರ್ ಜಾಗ ಬದಲಾಗುವುದು ಅಡಿಪಾಯಕ್ಕೆ ಗುಂಡಿ ತೆಗೆಯುವ ಮೊದಲು ಮಾತ್ರ. ಕಾಂಕ್ರೀಟ್ ಬಿದ್ದ ಮೇಲೆ ಎಷ್ಟು ಅರ್ಜಿ ಕೊಟ್ಟರೂ ಅದು ಪರಿಹಾರದ ಮಾತಾಗಿ ತಿರುಗುತ್ತದೆ. ಹಾಗಾಗಿ ಇಲ್ಲಿ ಸಮಯವೇ ಮುಖ್ಯ. ಜೊತೆಗೆ, ಏನು ಕೇಳಿದರೆ ಸಿಗುತ್ತದೆ ಎಂಬುದೂ ಗೊತ್ತಿರಬೇಕು.

ಗೂಟದ ಸಂಖ್ಯೆ ಇದನ್ನು ಹೇಳುತ್ತದೆ. ‘ಎಪಿ’ ಎಂದರೆ ಲೈನ್ ತಿರುಗುವ ಜಾಗ. ಒಂದು ಎಪಿಯಿಂದ ಇನ್ನೊಂದು ಎಪಿಯವರೆಗೆ ಲೈನ್ ದಾರ ಹಿಡಿದಂತೆ ನೇರ. ನಡುವಿನ 14/1, 14/2 ಎಂಬ ಟವರ್‌ಗಳು ತಂತಿಯನ್ನು ಬರೀ ಹೊತ್ತು ನಿಲ್ಲುವಂಥವು. ಅಂಥ ಟವರ್ ತಡೆದುಕೊಳ್ಳುವುದು ಸುಮಾರು 2 ಡಿಗ್ರಿ ತಿರುವನ್ನಷ್ಟೇ. ಹೀಗಾಗಿ ‘ನನ್ನ ಹೊಲ ಬಿಟ್ಟು ಪಕ್ಕಕ್ಕೆ 30 ಮೀಟರ್ ಸರಿಸಿ’ ಎಂದರೆ ಇಂಜಿನಿಯರ್ ತಲೆಯಾಡಿಸುವುದಿಲ್ಲ. ಸರಿಸಿದರೆ ಅಲ್ಲಿ ತಿರುವು ಹುಟ್ಟುತ್ತದೆ, ತಿರುವಿಗೆ ಭಾರೀ ಟವರ್ ಬೇಕಾಗುತ್ತದೆ, ಖರ್ಚು ಏರುತ್ತದೆ. ಅದೇ ಲೈನಿನ ಉದ್ದಕ್ಕೆ ಹಿಂದೆ ಮುಂದೆ ಹತ್ತಿಪ್ಪತ್ತು ಮೀಟರ್ ಸರಿಸಿ ಟವರನ್ನು ಹೊಲದ ನಡುವಿನಿಂದ ಬದುವಿಗೆ ತನ್ನಿ ಎಂದು ಕೇಳಿದರೆ ಬಹಳ ಸಲ ಒಪ್ಪುತ್ತಾರೆ. ಟವರ್ ನಡು ಹೊಲದಲ್ಲಿದ್ದರೆ ಪ್ರತಿ ಸಲ ಟ್ರ್ಯಾಕ್ಟರ್ ಸುತ್ತಿ ಬರಬೇಕು. ಬದುವಿಗೆ ಬಂದರೆ ಆ ಕಾಟ ಮುಕ್ಕಾಲು ಪಾಲು ಕಡಿಮೆ.

ಇಡೀ ಮಾರ್ಗವನ್ನೇ ಬದಲಿಸಬೇಕೆಂಬ ಹೋರಾಟ ಬೇರೆ ಮಟ್ಟದ್ದು. ಉಡುಪಿ–ಕಾಸರಗೋಡು 400 ಕೆವಿ ಮಾರ್ಗದ ವಿರುದ್ಧ ದಕ್ಷಿಣ ಕನ್ನಡದ ಕೃಷಿಕರು ನಡೆಸಿದ ಪ್ರತಿಭಟನೆ ಅಂಥದ್ದು. ಅದಕ್ಕೆ ಹಲವು ಊರುಗಳು ಒಟ್ಟಾಗಬೇಕು, ಪರ್ಯಾಯ ಮಾರ್ಗದ ನಕ್ಷೆ ಕೈಯಲ್ಲಿರಬೇಕು. ಒಬ್ಬರ ಅರ್ಜಿಯಿಂದ ಆಗುವ ಕೆಲಸವಲ್ಲ.

ಅರ್ಜಿ ಚಿಕ್ಕದಾಗಿರಲಿ, ಕೇಳಿಕೆ ಖಚಿತವಾಗಿರಲಿ. ಒಂದು ನಮೂನೆ:

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು, ........ ಜಿಲ್ಲೆ.

ವಿಷಯ: ........ ಗ್ರಾಮದ ಸರ್ವೆ ನಂ. ...../..... ರಲ್ಲಿ ಗುರುತಿಸಿರುವ ........ ಕೆವಿ ಮಾರ್ಗದ ಗೋಪುರ ಸಂಖ್ಯೆ ........ ರ ಸ್ಥಳ ಬದಲಾವಣೆ ಕೋರಿ.

ಮಾನ್ಯರೇ, ಮೇಲ್ಕಂಡ ಜಮೀನಿನ ಮಾಲೀಕನಾದ ನನಗೆ ಯಾವುದೇ ಲಿಖಿತ ತಿಳಿವಳಿಕೆ ನೀಡದೆ ದಿನಾಂಕ ........ ರಂದು ಗುರುತು ಹಾಕಲಾಗಿದೆ. ಗುರುತಿಸಿದ ಸ್ಥಳದಿಂದ ........ ಮೀಟರ್ ಅಂತರದಲ್ಲಿ ಚಾಲ್ತಿಯಲ್ಲಿರುವ ಕೊಳವೆಬಾವಿ ಇದೆ. ಮಾರ್ಗದ ನೇರದಲ್ಲೇ ........ ದಿಕ್ಕಿಗೆ ........ ಮೀಟರ್ ಸರಿಸಿದಲ್ಲಿ ಗೋಪುರವು ಬದುವಿನ ಬಳಿ ಬರುತ್ತದೆ, ಮಾರ್ಗದ ದಿಕ್ಕು ಬದಲಾಗುವುದಿಲ್ಲ. ಜಂಟಿ ಸ್ಥಳ ಪರಿಶೀಲನೆ ನಡೆಸಿ, ನನ್ನ ಅಹವಾಲು ಆಲಿಸಿ, ಅಲ್ಲಿಯವರೆಗೆ ಕಾಮಗಾರಿ ಆರಂಭಿಸದಂತೆ ಸೂಚಿಸಲು ಕೋರುತ್ತೇನೆ. 164ನೇ ಕಲಂ ಆದೇಶದ ಪ್ರತಿ, ಗೋಪುರಗಳ ಪಟ್ಟಿ ಹಾಗೂ ನನ್ನ ಜಮೀನಿಗೆ ಅನ್ವಯಿಸುವ ಪರಿಹಾರ ಆದೇಶದ ಪ್ರತಿ ಒದಗಿಸಲು ಕೋರುತ್ತೇನೆ.

ಲಗತ್ತು: ಪಹಣಿ, ಸರ್ವೆ ನಕ್ಷೆ, ಫೋಟೋಗಳು.

ಮೂಲ ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ, ಒಂದೊಂದು ಪ್ರತಿ ತಹಶೀಲ್ದಾರರಿಗೆ ಮತ್ತು ಕಂಪನಿಯ ಇಂಜಿನಿಯರ್‌ಗೆ. ಟಪಾಲು ವಿಭಾಗದ ಮುದ್ರೆ, ಸಂಖ್ಯೆ, ದಿನಾಂಕ ಇರುವ ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ದಾಖಲೆ ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನಗಳೊಳಗೆ ಉತ್ತರ ಬರಬೇಕು. ಖಾಸಗಿ ಕಂಪನಿಯ ಲೈನಾದರೆ ಅರ್ಜಿ ಕಂಪನಿಗಲ್ಲ, ಜಿಲ್ಲಾಧಿಕಾರಿ ಕಚೇರಿಗೆ.

ತಡೆದರೆ ಏನಾಗುತ್ತದೆ

ಟೆಲಿಗ್ರಾಫ್ ಕಾಯ್ದೆಯ ಅಧಿಕಾರವಿದ್ದರೂ ಮಾಲೀಕರು ವಿರೋಧಿಸಿದಾಗ ಕಂಪನಿ ಪೊಲೀಸರನ್ನು ಕರೆತಂದು ನುಗ್ಗುವಂತಿಲ್ಲ. 16(1)ನೇ ಕಲಂ ಪ್ರಕಾರ ಜಿಲ್ಲಾ ದಂಡಾಧಿಕಾರಿಯಿಂದ ಆದೇಶ ತರಬೇಕು. ನಿಮ್ಮ ಆಕ್ಷೇಪಣೆಯನ್ನು ತೂಗಿ ನೋಡುವ ಹಂತ ಇದೇ, ಜಾಗ ಬದಲಾವಣೆಗೆ ಕೊನೆಯ ಅವಕಾಶವೂ ಇದೇ. ವಿಚಾರಣೆಯ ನೋಟಿಸ್ ಬಂದರೆ ತಪ್ಪಿಸಬೇಡಿ. ಹೋಗುವಾಗ ಲಿಖಿತ ಹೇಳಿಕೆ ಒಯ್ಯಿರಿ. ಬಾಯಲ್ಲಿ ಹೇಳಿದ್ದು ಆದೇಶದಲ್ಲಿ ಕಾಣಿಸದೆ ಹೋಗಬಹುದು, ಬರೆದುಕೊಟ್ಟದ್ದಕ್ಕೆ ಕಡತದಲ್ಲಿ ಪುಟ ಸಂಖ್ಯೆ ಬೀಳುತ್ತದೆ.

ಆದೇಶವಾದ ಮೇಲೂ ಅಡ್ಡ ನಿಂತರೆ ಅದು ಅಪರಾಧ. ಹಿಂದೆ ದಂಡ ಸಂಹಿತೆಯ 188ನೇ ಕಲಂ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ. ಆ ಹಂತದಲ್ಲಿ ಉಳಿಯುವ ದಾರಿ ಹೈಕೋರ್ಟ್ ರಿಟ್ ಒಂದೇ. ಅಲ್ಲೂ ಪ್ರಕ್ರಿಯೆ ಪಾಲಿಸಿಲ್ಲ ಎಂದು ತೋರಿಸಬಲ್ಲವರಿಗೆ ಮಾತ್ರ ಅವಕಾಶ ಹೆಚ್ಚು. ‘ನನಗೆ ಇಷ್ಟವಿಲ್ಲ’ ಎಂಬ ಕಾರಣ ಸಾಲದು.

ಪರಿಹಾರದ ಲೆಕ್ಕ

ಮೊದಲು ತಿಳಿಯಬೇಕಾದ್ದು, ಇಲ್ಲಿ ಭೂಸ್ವಾಧೀನವಿಲ್ಲ. ಟವರ್ ಕೆಳಗಿನ ನೆಲವೂ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ಕಂಪನಿಗೆ ಸಿಗುವುದು ಬಳಕೆಯ ಹಕ್ಕು. ಹಾಗಾಗಿ 2013ರ ಭೂಸ್ವಾಧೀನ ಕಾಯ್ದೆಯ ದರ ಕೇಳಿದರೆ ಸಿಗುವುದಿಲ್ಲ. ಟೆಲಿಗ್ರಾಫ್ ಕಾಯ್ದೆಯ 10(ಡಿ) ‘ಆದಷ್ಟು ಕಡಿಮೆ ಹಾನಿ, ಆದ ಹಾನಿಗೆ ಪೂರ್ಣ ಪರಿಹಾರ’ ಎಂದಷ್ಟೇ ಹೇಳುತ್ತದೆ. ಆ ‘ಪೂರ್ಣ’ ಎಷ್ಟು ಎಂಬುದರ ಜಗಳ ಬಹಳ ಹಳೆಯದು.

ಕೇಂದ್ರ ವಿದ್ಯುತ್ ಸಚಿವಾಲಯ 2015ರ ಅಕ್ಟೋಬರ್‌ನಲ್ಲಿ 66 ಕೆವಿ ಮತ್ತು ಅದಕ್ಕೂ ಮೇಲ್ಪಟ್ಟ ಟವರ್ ಲೈನ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. ಟವರ್ ತಳದ ಜಾಗಕ್ಕೆ ಭೂಮಿಯ ಬೆಲೆಯ ಶೇ 85, ತಂತಿ ಹಾಯುವ ಕಾರಿಡಾರ್‌ಗೆ ಗರಿಷ್ಠ ಶೇ 15. 2024ರ ಜೂನ್‌ನಲ್ಲಿ ಅದನ್ನು ಕ್ರಮವಾಗಿ ಶೇ 200 ಮತ್ತು ಶೇ 30ಕ್ಕೆ ಏರಿಸಿತು. ಬೆಳೆ ಮತ್ತು ಮರಗಳ ಪರಿಹಾರ ಇದಕ್ಕೆ ಹೊರತಾದದ್ದು. ಆದರೆ ಕೇಂದ್ರದ ಮಾರ್ಗಸೂಚಿ ರಾಜ್ಯದೊಳಗಿನ ಲೈನ್‌ಗಳಿಗೆ ತಾನಾಗಿಯೇ ಅನ್ವಯವಾಗುವುದಿಲ್ಲ, ರಾಜ್ಯ ಸರ್ಕಾರ ಅಳವಡಿಸಿಕೊಂಡ ಆದೇಶ ಬೇಕು. ಅರ್ಜಿಯ ನಮೂನೆಯಲ್ಲಿ ‘ನನ್ನ ಜಮೀನಿಗೆ ಅನ್ವಯಿಸುವ ಪರಿಹಾರ ಆದೇಶದ ಪ್ರತಿ’ ಎಂಬ ಸಾಲು ಸೇರಿಸಿದ್ದು ಇದಕ್ಕೇ. ಹಳೆಯ ಆದೇಶ ತೋರಿಸಿ ಅರ್ಧ ದರಕ್ಕೆ ಮುಗಿಸಿಬಿಡುವುದು ಸುಲಭ.

ಲೆಕ್ಕ ಹಾಕಲು ಮೂರು ಅಳತೆ ಬೇಕು. ತಳದ ಜಾಗವೆಂದರೆ ನೆಲಮಟ್ಟದಲ್ಲಿ ನಾಲ್ಕು ಕಾಲುಗಳ ನಡುವಿನ ಜಾಗ ಮತ್ತು ಪ್ರತಿ ಬದಿಗೆ 1 ಮೀಟರ್ ಹೆಚ್ಚುವರಿ. ಈ 1 ಮೀಟರ್ ಬಿಟ್ಟು ಅಳೆಯುವುದು ಸಾಮಾನ್ಯ ತಪ್ಪು, ಟೇಪ್ ಹಿಡಿದಾಗ ಪಕ್ಕದಲ್ಲೇ ನಿಲ್ಲಿ. ಕಾರಿಡಾರ್ ಅಗಲ 66 ಕೆವಿಗೆ 18 ಮೀಟರ್, 110ಕ್ಕೆ 22, 220ಕ್ಕೆ 35, 400 ಕೆವಿಗೆ 46, 765 ಕೆವಿಗೆ 67 ಮೀಟರ್. ಮೂರನೆಯದು ನಿಮ್ಮ ಜಮೀನಿನ ಮೇಲೆ ಲೈನ್ ಹಾಯುವ ಉದ್ದ.

220 ಕೆವಿ ಲೈನ್ 100 ಮೀಟರ್ ಉದ್ದ ಹಾದು ಹೋಗುತ್ತದೆ, ಒಂದು ಟವರ್ ಇದೆ, ಕಾಲಿನಿಂದ ಕಾಲಿಗೆ 8 ಮೀಟರ್ ಎಂದಿಟ್ಟುಕೊಳ್ಳಿ. ತಳದ ಜಾಗ 10 × 10 = 100 ಚದರ ಮೀಟರ್, ಹತ್ತಿರ ಹತ್ತಿರ ಒಂದು ಗುಂಟೆ (ಗುಂಟೆಗೆ 101.17 ಚದರ ಮೀಟರ್). ಕಾರಿಡಾರ್ 100 × 35 = 3,500, ಅದರಲ್ಲಿ ತಳದ ಜಾಗ ಕಳೆದರೆ 3,400 ಚದರ ಮೀಟರ್, ಅಂದರೆ 33.6 ಗುಂಟೆ. ಎಕರೆಗೆ 20 ಲಕ್ಷ ದರವಾದರೆ ಗುಂಟೆಗೆ 50,000. ಶೇ 200ರಂತೆ ತಳಕ್ಕೆ ಸುಮಾರು 99,000 ರೂಪಾಯಿ, ಶೇ 30ರಂತೆ ಕಾರಿಡಾರ್‌ಗೆ ಸುಮಾರು 5.04 ಲಕ್ಷ. ಇಲ್ಲೊಂದು ಗಮನಿಸಿ: ಊರಿನಲ್ಲಿ ಎಲ್ಲರೂ ಚೌಕಾಸಿ ಮಾಡುವುದು ಟವರ್ ದುಡ್ಡಿಗೆ, ನಿಜವಾದ ಮೊತ್ತ ಇರುವುದು ಕಾರಿಡಾರ್‌ನಲ್ಲಿ. ಟವರ್ ಪಕ್ಕದವರ ಹೊಲದಲ್ಲಿದ್ದು ನಿಮ್ಮ ಮೇಲೆ ಬರೀ ತಂತಿ ಹಾದರೂ ಹಣ ಬರಬೇಕು. ‘ನಿಮ್ಮಲ್ಲಿ ಟವರ್ ಇಲ್ಲವಲ್ಲ’ ಎಂದು ಹೇಳಿ ಕಳಿಸಿದರೆ ಸುಮ್ಮನೆ ಬರಬೇಡಿ.

ಇಷ್ಟಕ್ಕೂ ‘ಎಕರೆಗೆ 20 ಲಕ್ಷ’ ಎಂಬುದು ಎಲ್ಲಿಂದ? ಉಪನೋಂದಣಿ ಕಚೇರಿಯ ಮಾರ್ಗಸೂಚಿ ಮೌಲ್ಯ ಆರಂಭ ಮಾತ್ರ. ಮಾರುಕಟ್ಟೆ ದರ ಅದಕ್ಕಿಂತ ಹೆಚ್ಚಿದ್ದರೆ ಜಿಲ್ಲಾಡಳಿತ ಅದನ್ನು ನಿರ್ಧರಿಸಬಹುದು. ನಿಮ್ಮ ಗ್ರಾಮದಲ್ಲಿ ಇತ್ತೀಚೆಗೆ ನೋಂದಣಿಯಾದ, ನಿಮ್ಮಂಥದ್ದೇ ಜಮೀನಿನ ಕ್ರಯಪತ್ರಗಳ ದೃಢೀಕೃತ ನಕಲು ತೆಗೆಸಿ ಅರ್ಜಿಯೊಂದಿಗೆ ಕೊಡಿ. ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ), ಖುಷ್ಕಿ (ಮಳೆಯಾಶ್ರಿತ) ವರ್ಗೀಕರಣ ಸರಿಯಿದೆಯೇ ನೋಡಿ. ಕೊಳವೆಬಾವಿ ಇರುವ ತೋಟಕ್ಕೆ ಖುಷ್ಕಿ ದರ ಹಾಕಿರುವುದು ಉಂಟು.

ಮಹಜರಿನ ದಿನ ಬರೆಸಬೇಕಾದ್ದು

ಮರ, ಬೆಳೆಗಳ ಪರಿಹಾರ ಪೂರ್ತಿ ಮಹಜರಿನ ಮೇಲೆ, ಅಂದರೆ ಸ್ಥಳದಲ್ಲೇ ಹಾನಿ ಎಣಿಸಿ ಬರೆಯುವ ದಾಖಲೆಯ ಮೇಲೆ, ನಿಂತಿದೆ. ಅಡಿಕೆ, ತೆಂಗು, ಮಾವುಗಳ ಮೌಲ್ಯ ತೋಟಗಾರಿಕೆ ಇಲಾಖೆಯದು, ತೇಗ, ಹಲಸಿನಂಥ ಮೋಪಿನ ಮರಗಳದ್ದು ಅರಣ್ಯ ಇಲಾಖೆಯದು. ‘ಅಡಿಕೆ ಮರ 42’ ಎಂದು ಒಟ್ಟಿಗೆ ಬರೆಸಿದರೆ ಎಲ್ಲಕ್ಕೂ ಕಡಿಮೆ ದರ ಬೀಳುವ ಅಪಾಯವಿದೆ. ಫಸಲು ಕೊಡುವ ಮರ ಎಷ್ಟು, ವಯಸ್ಸು ಎಷ್ಟು, ಎಳೆ ಗಿಡ ಎಷ್ಟು ಎಂದು ಬೇರೆ ಬೇರೆ ಬರೆಸಿ. ಮರಕ್ಕೊಂದು ನಂಬರ್ ಬರೆದು, ನಂಬರ್ ಕಾಣುವಂತೆ ಫೋಟೋ ತೆಗೆಯಿರಿ. ಕೆಲವು ವರ್ಷ ಸಹಕಾರ ಸಂಘಕ್ಕೋ ಮಂಡಿಗೋ ಅಡಿಕೆ ಹಾಕಿದ ಚೀಟಿಗಳಿದ್ದರೆ ಇಳುವರಿಗೆ ಅವೇ ಆಧಾರ.

ಮಲೆನಾಡು, ಕೊಡಗಿನಲ್ಲಿ ತಪ್ಪಿಹೋಗುವ ಬಾಬತ್ತು ಇನ್ನೊಂದಿದೆ. ಕಾರಿಡಾರ್‌ನಲ್ಲಿ ಸಿಲ್ವರ್ ಓಕ್ ಕಡಿದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹೋಯಿತು. ನೆರಳು ಹೋದ ಮೇಲೆ ಕೆಳಗಿನ ಕಾಫಿ ಗಿಡ ಒಂದೆರಡು ಬೇಸಿಗೆಯಲ್ಲಿ ಸೊರಗುತ್ತದೆ. ಮಹಜರಿನಲ್ಲಿ ಮಾತ್ರ ಮರದ ಲೆಕ್ಕವಷ್ಟೇ ಇರುತ್ತದೆ. ಬಳ್ಳಿ, ಕಾಫಿ ಗಿಡ ಎರಡನ್ನೂ ಎಣಿಸಿ ಬರೆಸಿ. ಕಡಿದ ಮೋಪು ಯಾರಿಗೆ, ಸಾಗಿಸುವವರು ಯಾರು ಎಂಬುದೂ ಅದರಲ್ಲೇ ಇರಲಿ.

ಬೆಳೆ ಹಾನಿ ಒಂದೇ ಸಲ ಆಗುವುದಿಲ್ಲ. ಅಡಿಪಾಯ ತೆಗೆಯುವಾಗ, ಟವರ್ ಎತ್ತುವಾಗ, ತಂತಿ ಎಳೆಯುವಾಗ, ಹೀಗೆ ಮೂರು ಸಲ ಬರುತ್ತಾರೆ. ನಡುವೆ ತಿಂಗಳುಗಟ್ಟಲೆ ಅಂತರವಿರುತ್ತದೆ, ಅಷ್ಟರಲ್ಲಿ ನೀವು ಇನ್ನೊಂದು ಬೆಳೆ ಇಟ್ಟಿರುತ್ತೀರಿ. ಮೂರಕ್ಕೂ ಮೂರು ಮಹಜರು, ಮೂರು ಪಾವತಿ. ಟವರ್ ಜಾಗದಿಂದ ದೂರ, ಕಾಂಕ್ರೀಟ್ ಲಾರಿ ಓಡಾಡಿ ಒಡೆದ ಬದು, ಹನಿ ನೀರಾವರಿ ಪೈಪು, ಚಕ್ರದಡಿ ಗಟ್ಟಿಯಾದ ಮಣ್ಣು, ಇವೂ ಹಾನಿಯೇ. ಅವನ್ನೂ ಅಳೆಸಿ. ಉಳಿದ ಜಲ್ಲಿ, ಗುಂಡಿಯ ಕಲ್ಲುಮಣ್ಣು ತೆಗೆದುಹಾಕುವುದು ಗುತ್ತಿಗೆದಾರನ ಕೆಲಸ ಎಂದು ಬರೆಸಿದ್ದರೆ ಆಮೇಲೆ ಕೇಳಲು ಬಾಯಿರುತ್ತದೆ.

ಮಹಜರಿಗೆ ಸಹಿ ಹಾಕುವ ಮುಂಚೆ ಕೊನೆಯ ಸಾಲಿನ ಕೆಳಗೆ ಗೆರೆ ಎಳೆಯಿರಿ, ಅಲ್ಲೇ ಫೋಟೋ ತೆಗೆದುಕೊಳ್ಳಿ. ಲೆಕ್ಕ ತಪ್ಪಿದೆ ಎನಿಸಿದರೆ ಸಹಿಯ ಮೇಲೆಯೇ ‘ಮರಗಳ ಸಂಖ್ಯೆಗೆ ನನ್ನ ಆಕ್ಷೇಪಣೆ ಇದೆ’ ಎಂದು ನಿಮ್ಮ ಕೈಬರಹದಲ್ಲಿ ಬರೆಯಿರಿ.

ಹಣ ಪಡೆಯುವುದು, ಸಾಲದಿದ್ದರೆ ಕೋರ್ಟು

ಕೊಟ್ಟದ್ದು ಕಡಿಮೆಯೆಂದು ಹಣವನ್ನೇ ಬಿಡಬೇಕಿಲ್ಲ. ರಸೀದಿಯಲ್ಲಿ ‘ಆಕ್ಷೇಪಣೆಗೆ ಒಳಪಟ್ಟು, ಹೆಚ್ಚಿನ ಪರಿಹಾರ ಕೇಳುವ ಹಕ್ಕು ಕಾಯ್ದಿರಿಸಿ ಸ್ವೀಕರಿಸಿದ್ದೇನೆ’ ಎಂದು ಬರೆದು ಪಡೆಯಿರಿ. ‘ಪೂರ್ಣ ಹಾಗೂ ಅಂತಿಮ, ಮುಂದೆ ಯಾವ ತಕರಾರೂ ಇಲ್ಲ’ ಎಂದು ಮುದ್ರಿಸಿದ ರಸೀದಿ ಕೊಟ್ಟರೆ ಆ ಸಾಲು ಹೊಡೆದುಹಾಕಿ. ಹೊಡೆದರೆ ಚೆಕ್ ಕೊಡುವುದಿಲ್ಲ ಎನ್ನುವವರೂ ಇದ್ದಾರೆ. ಆಗ ಅದೇ ದಿನ ತಹಶೀಲ್ದಾರರಿಗೆ ಬರೆದು ತಿಳಿಸಿ.

ಪರಿಹಾರ ಸಾಲದೆಂಬ ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಧೀಶರ ಮುಂದೆ, ಟೆಲಿಗ್ರಾಫ್ ಕಾಯ್ದೆಯ 16(3)ನೇ ಕಲಂ ಅಡಿ. ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಕಾಲ ಕಳೆಯಬೇಡಿ. ಕಾಯ್ದೆಯಲ್ಲಿ ಗಡುವು ಬರೆದಿಲ್ಲ, ಹಾಗೆಂದು ಗಡುವು ಇಲ್ಲವೆಂದಲ್ಲ. ಕೇರಳ ವಿದ್ಯುತ್ ಮಂಡಳಿಯ ಕುಂಞಾಲಿಯುಮ್ಮ ಪ್ರಕರಣದಲ್ಲಿ ಕಾಲಮಿತಿ ಕಾಯ್ದೆಯ 137ನೇ ವಿಧಿ ಇದಕ್ಕೂ ಅನ್ವಯ ಎಂದು ಸುಪ್ರೀಂ ಕೋರ್ಟ್ ಹೇಳಿದೆ, ಅಂದರೆ ಮೂರು ವರ್ಷ. ಜಿಲ್ಲಾ ನ್ಯಾಯಾಧೀಶರ ತೀರ್ಪಿನ ಮೇಲೆ ಮಾಮೂಲಿ ಮೇಲ್ಮನವಿಯೂ ಇಲ್ಲ. ಹಾಗಾಗಿ ಸಾಕ್ಷ್ಯವೆಲ್ಲ ಮೊದಲ ಸುತ್ತಿನಲ್ಲೇ ಬರಬೇಕು.

ನ್ಯಾಯಾಲಯ ಏನನ್ನು ನೋಡುತ್ತದೆ? ಲಿವಿಷಾ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಜಮೀನು ಎಲ್ಲಿದೆ, ಲೈನ್ ಎಷ್ಟು ದೂರ ಹಾಯುತ್ತದೆ, ಅಂಚಿನಲ್ಲೋ ನಡುವಿನಲ್ಲೋ, ಜಮೀನು ಚಿಕ್ಕದೋ ದೊಡ್ಡದೋ, ಅದರಿಂದ ಬೆಲೆ ಎಷ್ಟು ಇಳಿಯಿತು ಎಂಬುದನ್ನು ನೋಡುತ್ತದೆ. ಒಂದೂವರೆ ಎಕರೆಯ ಮಧ್ಯದಲ್ಲಿ ಕರ್ಣವಾಗಿ ಹಾದ ಲೈನಿಗೂ ಹತ್ತು ಎಕರೆಯ ಅಂಚಿನಲ್ಲಿ ಹಾದ ಲೈನಿಗೂ ಒಂದೇ ಶೇಕಡಾವಾರು ನ್ಯಾಯವಲ್ಲ ಎಂದು ವಾದಿಸಲು ಇದೇ ಆಧಾರ. ಸರ್ವೆ ನಕ್ಷೆಯ ಮೇಲೆ ಲೈನ್ ಎಳೆದು ತೋರಿಸಿದ ಒಂದು ಹಾಳೆ ಹತ್ತು ಪುಟದ ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಗ್ಯಾಸ್ ಪೈಪ್‌ಲೈನ್ ಆದರೆ

ದಾಭೋಲ್–ಬೆಂಗಳೂರು ಮಾರ್ಗದಂಥ ಗ್ಯಾಸ್ ಅಥವಾ ಪೆಟ್ರೋಲಿಯಂ ಪೈಪ್‌ಲೈನಿಗೆ 1962ರ ಪ್ರತ್ಯೇಕ ಕಾಯ್ದೆಯಿದೆ. ಇಲ್ಲಿ ಗಡುವು ಬಹಳ ಚಿಕ್ಕದು. 3(1)ನೇ ಕಲಂ ಅಧಿಸೂಚನೆಯ ದಿನದಿಂದ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಿಗೆ ಲಿಖಿತ ಆಕ್ಷೇಪಣೆ ಕೊಡಬೇಕು, ಅವರು ವಿಚಾರಣೆ ನಡೆಸಬೇಕು. ವಾಸದ ಮನೆ, ಮನೆಗೆ ಸೇರಿದ ಜಾಗ, ಶಾಶ್ವತ ಕಟ್ಟಡವಿರುವ ಜಾಗದಡಿ ಪೈಪ್ ಹಾಕುವಂತಿಲ್ಲ. ನೆಲಮಟ್ಟದಿಂದ 1 ಮೀಟರಿಗಿಂತ ಕಡಿಮೆ ಆಳದಲ್ಲೂ ಹಾಕುವಂತಿಲ್ಲ. ಅಧಿಸೂಚನೆಯಾಗಿ ಒಂದು ವರ್ಷದೊಳಗೆ 6ನೇ ಕಲಂ ಘೋಷಣೆ ಹೊರಡದಿದ್ದರೆ ಅದು ಬಿದ್ದುಹೋಗುತ್ತದೆ. ದಿನಾಂಕಗಳನ್ನು ತಾಳೆ ನೋಡಿ.

ಬೆಳೆ, ಮರಗಳ ಹಾನಿಯ ಜೊತೆಗೆ ಬಳಕೆಯ ಹಕ್ಕಿಗೆ ಕೊಡುವುದು ಪೈಪ್ ಹಾಯುವ ಪಟ್ಟಿ ಜಾಗದ ಮಾರುಕಟ್ಟೆ ಬೆಲೆಯ ಶೇ 10 ಮಾತ್ರ. ಪೈಪ್ ಮುಚ್ಚಿದ ಮೇಲೆ ರಾಗಿ, ಜೋಳ, ತರಕಾರಿ ಬೆಳೆಯಬಹುದು. ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ, ಕಟ್ಟಡ ಕಟ್ಟುವಂತಿಲ್ಲ. ಹೊಲವಾದರೆ ಇದು ನುಂಗಬಹುದಾದ ನಷ್ಟ. ತೆಂಗಿನ ತೋಟದ ನಡುವೆ ಹಾದರೆ ಆ ಪಟ್ಟಿ ತೋಟವಾಗಿ ಮುಗಿದಂತೆಯೇ, ಅದಕ್ಕೆ ಶೇ 10 ಎಂಬುದು ಅನ್ಯಾಯದ ದರ. ಒಪ್ಪಿಗೆಯಾಗದಿದ್ದರೆ ಇಲ್ಲೂ ಜಿಲ್ಲಾ ನ್ಯಾಯಾಧೀಶರ ಬಳಿಯೇ ಹೋಗಬೇಕು.

ಮೊಬೈಲ್ ಟವರ್ ಇವುಗಳ ಸಾಲಿಗೆ ಸೇರುವುದಿಲ್ಲ, ಅದು ಸಾಮಾನ್ಯವಾಗಿ ನೀವಾಗಿ ಮಾಡಿಕೊಳ್ಳುವ ಬಾಡಿಗೆ ಕರಾರು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಣಿ ಮಾಡಿಸಲೇಬೇಕು. ಟವರ್ ಹಾಕಿಸಿಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ, ಠೇವಣಿ ಕಟ್ಟಿ ಎಂದು ಫೋನ್ ಮಾಡುವವರು ವಂಚಕರು. ಜಾಗ ಕೊಡುವವರಿಂದ ಹಣ ಕೇಳುವ ಪದ್ಧತಿಯೇ ಇಲ್ಲ.

ಲೈನ್ ಚಾಲೂ ಆದ ಮೇಲೆ

220 ಕೆವಿ ತಂತಿ ಅತ್ಯಂತ ಜೋಲುವ ಕಡೆ ನೆಲದಿಂದ ಸುಮಾರು 7 ಮೀಟರ್ ಎತ್ತರದಲ್ಲಿರಬೇಕು, 400 ಕೆವಿಯದು 8.84 ಮೀಟರ್. ಕೇಳುವುದಕ್ಕೆ ಎತ್ತರವೆನಿಸುತ್ತದೆ. ಆದರೆ ಕೊಳವೆಬಾವಿಯಿಂದ ಎತ್ತಿ ನಿಲ್ಲಿಸುವ 20 ಅಡಿಯ ಕಬ್ಬಿಣದ ಪೈಪೇ 6 ಮೀಟರ್. ಅಡಿಕೆ ಕೊಯ್ಯುವ ಉದ್ದನೆಯ ದೋಟಿಗಳು ಅದನ್ನೂ ಮೀರುತ್ತವೆ. ಈ ವೋಲ್ಟೇಜಿನಲ್ಲಿ ತಂತಿಗೆ ತಾಗಬೇಕೆಂದೇ ಇಲ್ಲ, ಹತ್ತಿರ ಹೋದರೂ ವಿದ್ಯುತ್ ಹಾರುತ್ತದೆ. ಕಾರಿಡಾರ್‌ನೊಳಗೆ ಇರುವ ಕೊಳವೆಬಾವಿಯ ಮೋಟರ್ ಮುಂದೆ ಮೇಲೆತ್ತಲಾಗುವುದಿಲ್ಲ. ಹಾಗಾಗಿ ಅದನ್ನು ಪರಿಹಾರದ ಪಟ್ಟಿಗೆ ಮೊದಲೇ ಸೇರಿಸಿ. ತಂತಿ ಜೋತುಬಿದ್ದಂತೆ ಕಂಡರೆ ಫೋಟೋ ಸಮೇತ ಕಂಪನಿಗೂ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯಕ್ಕೂ ಬರೆಯಿರಿ.

ಲೈನ್ ಬಂದ ಮೇಲೆ ನೆಟ್ಟ ಮರ ಕಡಿದರೆ ಪರಿಹಾರವಿಲ್ಲ. ವಿದ್ಯುತ್ ಕಾಯ್ದೆಯ 68ನೇ ಕಲಂ ಪರಿಹಾರ ಕೊಡುವುದು ಲೈನ್‌ಗಿಂತ ಮುಂಚೆ ಇದ್ದ ಮರಕ್ಕೆ ಮಾತ್ರ.

ಮುಂದೆ ಮನೆಯನ್ನೋ ಗೋದಾಮನ್ನೋ ಕಟ್ಟುವ ಅಗತ್ಯ ಬಿದ್ದು ಲೈನ್ ಅಡ್ಡಿಯಾದರೆ ಟೆಲಿಗ್ರಾಫ್ ಕಾಯ್ದೆಯ 17ನೇ ಕಲಂ ಇದೆ, ವಕೀಲರಲ್ಲೂ ಹಲವರು ಇದನ್ನು ಮರೆತಿರುತ್ತಾರೆ. ಜಮೀನನ್ನು ಬೇರೆ ರೀತಿ ಬಳಸಲು ಲೈನ್ ಸರಿಸಬೇಕೆಂದೋ ಎತ್ತರಿಸಬೇಕೆಂದೋ ಲಿಖಿತವಾಗಿ ಕೇಳಬಹುದು. ಮೊದಲು ಪರಿಹಾರ ಪಡೆದಿದ್ದರೆ ಸ್ಥಳಾಂತರದ ವೆಚ್ಚ ಅಥವಾ ಪಡೆದ ಪರಿಹಾರದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಅರ್ಜಿಯೊಂದಿಗೆ ಕಟ್ಟಬೇಕು. ಕಂಪನಿ ಸ್ಪಂದಿಸದಿದ್ದರೆ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ. 400 ಕೆವಿ ಲೈನನ್ನು ಈ ಕಲಂ ಹಿಡಿದು ಸರಿಸುವುದು ಕನಸಿನ ಮಾತು. ಚಿಕ್ಕ ಲೈನಿನ ಒಂದೆರಡು ಟವರ್‌ಗಳ ಮಟ್ಟಿಗೆ ಕೇಳಿ ನೋಡಬಹುದು, ಅರ್ಜಿಯೊಂದಿಗೆ ಕಟ್ಟಡದ ನಕ್ಷೆ ಮತ್ತು ಹಿಂದೆ ಪಡೆದ ಪರಿಹಾರದ ರಸೀದಿ ಲಗತ್ತಿಸಿ.